ಎಲ್ಲ ಬಣ್ಣಕ್ಕೂ ಒಪ್ಪುವ ಜೋಕರ್

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹೇಳಿಬಿಡಬೇಕು ಅಂದುಕೊಂಡಿದ್ದಳು. ಕಾರು ನಿಂತಿತು. ಭಾವ ಸ್ಟೀರಿಂಗಿನ ಮೇಲೆ ಬೆರಳುಗಳಿಂದ ತಾಳ ಹಾಕುತ್ತ, ಎದುರಿನ ಕೆಂಪು ದೀಪಕ್ಕೇ ಹೇಳುವವರ ಹಾಗೆ, “ಮಧ್ಯಾಹ್ನದ ಮೀಟಿಂಗ್‌ನಲ್ಲಿ ನಾನೇ ಮಾತಾಡ್ತೀನಿ. ನೀನು ಸುಮ್ನೆ ಕೂತಿರು. ದೊಡ್ಡವರು ಕೇಳಿದ್ರೆ ಒಂದು ಹೂಂ ಅನ್ನು, ಸಾಕು,” ಅಂದರು. ಅಷ್ಟರಲ್ಲಿ ಅವಳು ಹೂಂ ಅಂದಾಗಿತ್ತು. ಬಾಯಿ ತನ್ನದೇ, ಆದರೆ ಈ ಹೂಂ ಮಾತ್ರ ತನ್ನನ್ನು ಕೇಳದೆ ಹೊರಗೆ ಬೀಳುತ್ತದೆ ಎಂದು ತನ್ನ ಮೇಲೇ ಸಿಟ್ಟು ಬಂತು. ಅಕ್ಕನ ಮದುವೆಯಾದಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಅಂದಿನಿಂದ ಅಕ್ಕನ ಮನೆಯೇ ಅವಳ ಮನೆ. ಹೇಳಿದಂತೆ ಕಂಪ್ಯೂಟರನ್ನು ಕುಣಿಸುವ ಪ್ರೋಗ್ರಾಮಿಂಗ್ ವಿದ್ಯೆಯನ್ನು ಭಾವ ಊಟದ ಮೇಜಿನ ಮೇಲೆ, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಹೇಳಿಕೊಟ್ಟಿದ್ದರು. ತಪ್ಪು ಮಾಡಿದರೆ ಬೈದವರಲ್ಲ. ಪೆನ್ಸಿಲನ್ನು ಅವಳ ಮುಂದಿಟ್ಟು, “ಎಲ್ಲಿ ತಪ್ಪಿದೆ ನೀನೇ ಹುಡುಕು,” ಅಂತ ಎದ್ದು ಹೋಗುತ್ತಿದ್ದರು. ಅವಳು ಅಳು ನುಂಗಿಕೊಂಡು ಹುಡುಕುತ್ತಿದ್ದಳು, ಸಿಕ್ಕಿದ ಕೂಡಲೇ ಓಡಿಹೋಗಿ ತೋರಿಸುತ್ತಿದ್ದಳು. ಹಸಿರು ದೀಪ ಬಂತು. ಹಿಂದಿನವನು ಹಾರ್ನ್ ಹೊಡೆದ. “ಇವನಿಗೇನು ಹೆರಿಗೆ ನೋವಾ?” ಅಂತ ಭಾವ ಗೇರ್ ಹಾಕಿದರು. ಅವಳು ನಕ್ಕಳು, ನಗು ಬಾರದಿದ್ದರೂ.

ಹೇಳಬೇಕಾದದ್ದು ಬಹಳ ಚಿಕ್ಕದು. ಅವರ ಕಂಪನಿ ಮಾಡುವುದು ಆಸ್ಪತ್ರೆಯ ಪಂಪುಗಳನ್ನು. ರೋಗಿಯ ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸುವ, ನರ್ಸ್ ಒತ್ತಿದ ಅಂಕಿಯಷ್ಟೇ ಔಷಧವನ್ನು ಹನಿಹನಿಯಾಗಿ ರಕ್ತಕ್ಕೆ ತಳ್ಳುವ ಪೆಟ್ಟಿಗೆಗಳು. ಆ ಪೆಟ್ಟಿಗೆಯ ಕಂಪ್ಯೂಟರಿನ ತಿರುಳು, ಅಂದರೆ ಕರ್ನಲ್ಲು, ಅವಳ ಪಾಲಿನ ಕೆಲಸ. ಮೆಮೊರಿಯ ಕೋಣೆಗಳನ್ನು ಕೇಳಿದ ಪ್ರೋಗ್ರಾಮಿಗೆ ಕೊಡುವುದು, ಅದರದು ಮುಗಿದ ಮೇಲೆ ವಾಪಸು ಪಡೆದು ಇನ್ನೊಂದಕ್ಕೆ ಕೊಡುವುದು ಕರ್ನಲ್ಲಿನ ಹೊಣೆ. ಕೆಡುಕು ಹುಟ್ಟುವುದು ಖಾಲಿ ಮಾಡಿ ಹೋದ ಬಾಡಿಗೆಯವನು ಹಳೆಯ ವಿಳಾಸ ಹಿಡಿದು ಮತ್ತೆ ಬಂದಾಗ. ಒಳಗೆ ಈಗ ಯಾರ ಸಂಸಾರವಿದೆ ಅಂತ ನೋಡದೆ ತನ್ನ ಸಾಮಾನು ಇಟ್ಟು ಹೋಗುತ್ತಾನೆ. ಅದಕ್ಕೆ ಅವಳು ಒಂದು ವರ್ಷ ಕೂತು ಬಣ್ಣದ ಕಾವಲು ಕಟ್ಟಿದ್ದಳು. ವಿಳಾಸದ ಉದ್ದನೆಯ ಸಂಖ್ಯೆಯಲ್ಲಿ ತಲೆಯ ಕಡೆಯ ಕೆಲವು ಸ್ಥಾನಗಳು ಯಾವಾಗಲೂ ಖಾಲಿ ಬಿದ್ದಿರುತ್ತವೆ. ಅಲ್ಲಿ ಒಂದು ಟ್ಯಾಗು ಬರೆದಿಡುವುದು, ಅದಕ್ಕೆ ಆಫೀಸಿನವರೆಲ್ಲ ಬಣ್ಣ ಅನ್ನುತ್ತಿದ್ದರು. ಕೋಣೆಗೂ ಅದೇ ಬಣ್ಣ. ಕೋಣೆ ಕೈ ಬದಲಾದರೆ ಬಣ್ಣವೂ ಬದಲಾಗುತ್ತದೆ. ವಿಳಾಸದ ಬಣ್ಣ ಕೋಣೆಯ ಬಣ್ಣಕ್ಕೆ ಹೊಂದದಿದ್ದರೆ ಪಂಪು ಅಲ್ಲೇ ನಿಂತು ಕೂಗಿಕೊಳ್ಳಬೇಕು. ಹೊಸ ಯಂತ್ರವನ್ನು ಮೊದಲ ಸಲ ಎಬ್ಬಿಸುವಾಗ ಕಾವಲು ಅಡ್ಡ ಬರದಿರಲಿ ಎಂದು ಎಲ್ಲ ಬಣ್ಣಕ್ಕೂ ಹೊಂದುವ ಒಂದು ಟ್ಯಾಗು ಇಟ್ಟಿದ್ದರು. ಇಸ್ಪೀಟಿನವರ ಹಾಗೆ ಅದನ್ನು ಜೋಕರ್ ಅನ್ನುತ್ತಿದ್ದರು. ಮಾರಾಟಕ್ಕೆ ಹೋಗುವ ಪಂಪಿನಲ್ಲಿ ಜೋಕರ್ ಇರಕೂಡದು.

ಕೊನೆಯ ಪರೀಕ್ಷೆಯಲ್ಲಿ ಕಾವಲು ಒಂದು ಸಲವೂ ಕೂಗಲಿಲ್ಲ. ಎಲ್ಲರೂ ಅವಳ ಬೆನ್ನು ತಟ್ಟಿದರು. ಇಷ್ಟು ದೊಡ್ಡ ಮನೆಯಲ್ಲಿ ಒಂದು ಇರುವೆಯೂ ಇಲ್ಲ ಅಂದರೆ ನಂಬುವುದು ಹೇಗೆ ಅಂತ ಅವಳಿಗೆ ಕಸಿವಿಸಿ. ಒಂದೊಂದೇ ಫೈಲು ತೆರೆಯುತ್ತ ಹೋಗಿ, ಮೊನ್ನೆ ಸಂಜೆ ಅದನ್ನು ಕಂಡಳು. ಮೋಟಾರನ್ನು ಓಡಿಸುವ ಹಳೆಯ ಬೋರ್ಡಿಗೆ ಬಣ್ಣದ ಗಂಧಗಾಳಿಯಿಲ್ಲ. ಅದಕ್ಕೆ ವಿಳಾಸವನ್ನು ಬಣ್ಣ ಕಳಚಿ ಕೊಡಬೇಕು, ಉತ್ತರದ ಜೊತೆ ವಿಳಾಸ ಮರಳಿ ಬಂದಾಗ ಕಳಚಿದ್ದ ಬಣ್ಣವನ್ನೇ ತೊಡಿಸಬೇಕು. ಆ ಕೆಲಸ ಮಾಡುವ ಡ್ರೈವರ್ ಎಂಬ ಪ್ರೋಗ್ರಾಮಿನಲ್ಲಿ ತೊಡಿಸಿದ್ದು ಜೋಕರನ್ನು. ಪಕ್ಕದಲ್ಲಿ ಬರೆದವರ ಟಿಪ್ಪಣಿ ಒಂದೇ ಪದ: ‘ಸದ್ಯಕ್ಕೆ’. ಬರೆದವರು ಭಾವ. ನರ್ಸ್ ಒಂದು ಔಷಧ ನಿಲ್ಲಿಸಿ ಕೂಡಲೇ ಇನ್ನೊಂದನ್ನು ಶುರು ಮಾಡಿದರೆ, ಮೊದಲನೆಯದರ ಬಗ್ಗೆ ಮೋಟಾರಿನಿಂದ ತಡವಾಗಿ ಬಂದ ಉತ್ತರ ಎರಡನೆಯದರ ಪ್ರಮಾಣವಿರುವ ಕೋಣೆಗೆ ಹೋಗಿ ಕೂರಬಹುದು. ಯಾವಾಗಲೂ ಅಲ್ಲ, ಎಲ್ಲೋ ಅಪರೂಪಕ್ಕೊಮ್ಮೆ. ಪರದೆಯ ಮೇಲೆ ಎರಡು ಅಂತಲೇ ಇರುತ್ತದೆ, ಮೋಟಾರು ಇಪ್ಪತ್ತು ತಳ್ಳುತ್ತಿರುತ್ತದೆ. ಕಾವಲು ಜೋಕರಿಗೆ ಸಲಾಮು ಹೊಡೆದು ಬಾಗಿಲು ತೆರೆದುಕೊಡುತ್ತದೆ. ಅವಳ ಒಂದು ವರ್ಷದ ದುಡಿಮೆ ಆ ಒಂದು ಸಾಲಿನಲ್ಲಿ ನೀರಿನಲ್ಲಿ ಹೋಮವಾಗಿತ್ತು.

ಮೊನ್ನೆ ರಾತ್ರಿಯ ಊಟದಲ್ಲಿ ಹೇಳಬಹುದಿತ್ತು. ಅಕ್ಕ ಬಡಿಸುತ್ತ, “ಏನೇ, ಮುಖ ಯಾಕೆ ಹಾಗೆ ಊದಿಸ್ಕೊಂಡಿದ್ದೀಯ?” ಅಂದಳು. ಭಾವ, “ಅವಳ ಕರ್ನಲ್ ಪ್ಯಾನಿಕ್ ಆಗಿದೆ, ಆಫ್ ಮಾಡಿ ಆನ್ ಮಾಡು,” ಅಂದರು. ಅಕ್ಕನಿಗೆ ಅರ್ಥವಾಗದಿದ್ದರೂ ಜೋರಾಗಿ ನಕ್ಕಳು. ಈಚೆಗೆ ಅಕ್ಕ ಎಲ್ಲದಕ್ಕೂ ನಗುತ್ತಾಳೆ. ಈ ಪಂಪು ಹೊರಬಿದ್ದರೆ ಭಾವನಿಗೆ ಇಡೀ ವಿಭಾಗ ಸಿಗುತ್ತದೆ. ಭಾವನ ಕೈಕೆಳಗೆ ಕೆಲಸ ಕಲಿತವರೆಲ್ಲ ಅವರನ್ನು ದಾಟಿ ಮೇಲೆ ಹೋದದ್ದನ್ನು ಅಕ್ಕ ಇಷ್ಟು ವರ್ಷ ನೋಡಿದ್ದಾಳೆ. ಪಾತ್ರೆ ಉಜ್ಜುತ್ತ ಒಮ್ಮೆ ತಂಗಿಗೆ ಮಾತ್ರ ಕೇಳುವ ಹಾಗೆ, “ಇದೊಂದು ಆಗ್ಬಿಟ್ರೆ ಮನುಷ್ಯ ಸ್ವಲ್ಪ ನಿದ್ದೆ ಮಾಡ್ತಾರೆ ಕಣೇ,” ಅಂದಿದ್ದಳು. ಆ ಮಾತು ನೆನಪಾಗಿ ಅವಳು ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತ ಕೂತಳು. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ನಿನ್ನೆಯಾಗಿ ಕಳೆದುಹೋಗಿತ್ತು.

ಆಫೀಸಿನ ಮೆಟ್ಟಿಲು ಹತ್ತುವಾಗ ಭಾವ ಸರ್ ಆಗುತ್ತಾರೆ. ಇದು ಯಾರೂ ಬರೆದಿಟ್ಟ ನಿಯಮವಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲರೆದುರು ಭಾವ ಅಂತ ಕರೆದಾಗ ಅವರು ತಿರುಗಿಯೂ ನೋಡದೆ ಹೋಗಿದ್ದರು, ಅಷ್ಟು ಸಾಕಾಗಿತ್ತು. ಅವಳಿಗೆ ಅವತ್ತು ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ. ಆದರೆ ಅವರಿಗೆ ಬೇಕಾದಾಗ ಸಂಬಂಧ ತಾನಾಗಿ ಹೊರಗೆ ಬರುತ್ತದೆ. ಬಂದ ಅತಿಥಿಗಳಿಗೆ, “ಕರ್ನಲ್ ಕೆಲಸ ಇವಳದ್ದೇ. ನನ್ನ ನಾದಿನಿ. ನಾನೇ ತಯಾರು ಮಾಡಿದ್ದು,” ಅನ್ನುತ್ತಾರೆ, ತಾವೇ ಸಾಣೆ ಹಿಡಿದ ಕತ್ತಿಯನ್ನು ತೋರಿಸಿದಂತೆ. ಅತಿಥಿಗಳು ಅವಳ ಕೆಲಸವನ್ನು ಬಿಟ್ಟು ಅವರನ್ನು ಹೊಗಳುತ್ತಾರೆ. ಕಾಫಿ ಯಂತ್ರದ ಮುಂದೆ ಪರೀಕ್ಷೆಯ ವಿಭಾಗದವನು ನಿಂತಿದ್ದ. ಎಲ್ಲದರಲ್ಲೂ ಹುಳುಕು ಹುಡುಕುತ್ತಾನೆಂದು ಅವನಿಗೆ ಸಂಶಯ ಅಂತಲೇ ಹೆಸರು ಬಿದ್ದಿತ್ತು. “ಏನ್ ಮೇಡಂ, ಇವತ್ತು ಮುಹೂರ್ತ ಅಂತೆ? ನನಗಂತೂ ಒಂದು ತಪ್ಪೂ ಸಿಗ್ಲಿಲ್ಲ. ನನ್ನ ಮೇಲೇ ನನಗೆ ಅನುಮಾನ ಶುರುವಾಗಿದೆ,” ಅಂದ. ಅವಳು ಲೋಟಕ್ಕೆ ಕಾಫಿ ಬೀಳುವುದನ್ನೇ ನೋಡುತ್ತ, “ಮೀಟಿಂಗ್‌ಗೆ ಎರಡು ಪಂಪು ತರ್ತೀರಾ? ಒಂದು ಬಿಡುಗಡೆಗೆ ಹೋಗೋದು. ಇನ್ನೊಂದಕ್ಕೆ ನಾನು ಕಳಿಸೋ ಕರ್ನಲ್ ಹಾಕಿ,” ಅಂದಳು. ಮಾತು ಹೊರಬಿದ್ದಿತ್ತು. ಹಾಗಾದರೆ ತಾನು ಆಗಲೇ ತೀರ್ಮಾನಿಸಿಯಾಗಿದೆಯೇ? ಜೋಕರನ್ನು ತೆಗೆದ ಕರ್ನಲ್ಲನ್ನು ನಿನ್ನೆ ಸುಮ್ಮನೆ ನೋಡೋಣ ಅಂತ ಕಟ್ಟಿದ್ದಳು. ಸುಮ್ಮನೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು.

ಇನ್ನೂ ಹೊತ್ತಿತ್ತು. ಭಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಾಗಿಲಲ್ಲಿ ನಿಂತು, “ಸರ್, ಎರಡು ನಿಮಿಷ,” ಅಂದಳು. ಅವರು ಫೋನಿನಲ್ಲಿದ್ದರು. ಕೈಯೆತ್ತಿ ತಡಿ ಎಂಬಂತೆ ಸನ್ನೆ ಮಾಡಿದರು. ಆ ಕಡೆಯಿಂದ ಅಕ್ಕನ ದನಿ, ಪರದೆಯ ಬಟ್ಟೆಯ ಬಗ್ಗೆ ಏನೋ ಕೇಳುತ್ತಿದ್ದಳು. “ನೀಲಿನೇ ತಗೋ. ನಿನಗೆ ಇಷ್ಟ ಇದ್ಮೇಲೆ ನನ್ನನ್ನೇನು ಕೇಳೋದು,” ಅನ್ನುತ್ತ ಭಾವ ನಗುತ್ತಿದ್ದರು. ಆ ನಗು ಆಫೀಸಿನಲ್ಲಿ ಎಂದೂ ಕೇಳಿಸದ ನಗು. ಮೇಜಿನ ಮೇಲೆ ಮಧ್ಯಾಹ್ನಕ್ಕಾಗಿ ಇಸ್ತ್ರಿ ಮಾಡಿದ ಇನ್ನೊಂದು ಅಂಗಿ ಮಡಿಸಿ ಇಟ್ಟಿತ್ತು. ಅಂಗಿಯ ಕಾಲರನ್ನು ನೋಡುತ್ತ ನಿಂತವಳಿಗೆ, ಈ ಮನುಷ್ಯನಿಗೆ ತಾನು ಮಾಡಲು ಹೊರಟಿರುವುದು ಎಂಥದು ಅನ್ನಿಸಿತು. ಫೋನು ಇಟ್ಟು ಭಾವ ಕತ್ತೆತ್ತಿದರು. “ಏನು? ಬೇಗ ಹೇಳು.” ಆ ‘ಬೇಗ ಹೇಳು’ ಅವಳನ್ನು ಹಿಂದಕ್ಕೆ ತಳ್ಳಿತು. “ಮೋಟಾರಿನ ಡ್ರೈವರ್‌ನಲ್ಲಿ ಒಂದು ಸಣ್ಣ...” “ಮೋಟಾರಿಂದು ನನಗೆ ಬಿಡು. ನೀನು ಹುಟ್ಟೋ ಮೊದ್ಲಿಂದ ಮೋಟಾರು ಓಡಿಸ್ತಿದೀನಿ. ನಿನ್ನ ಬಣ್ಣ ನೀನು ನೋಡ್ಕೋ.” ನಗುತ್ತಲೇ ಹೇಳಿದ್ದು. ಅವಳೂ ನಕ್ಕು ಹೊರಗೆ ಬಂದಳು.

ಹೆಂಗಸರ ಶೌಚಾಲಯದ ಕನ್ನಡಿಯ ಮುಂದೆ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಳು. ಬಾಗಿಲಲ್ಲಿ ನಿಂತೇ ಕೂಗಿ ಹೇಳಬಹುದಿತ್ತು, ‘ಭಾವ, ನಿಮ್ಮ ಜೋಕರ್ ಒಳಗೇ ಉಳಿದಿದೆ,’ ಅಂತ. ಐದು ಪದ. ಅವರು ತಲೆ ಚಚ್ಚಿಕೊಂಡು ತೆಗೆದುಹಾಕುತ್ತಿದ್ದರೋ ಏನೋ. ಇಲ್ಲ, ತೆಗೆಯುತ್ತಿರಲಿಲ್ಲ, ಬಿಡುಗಡೆಯಾಗಲಿ ಆಮೇಲೆ ನೋಡೋಣ ಅನ್ನುತ್ತಿದ್ದರು. ಬಣ್ಣ ಸರಿಯಾಗಿ ತೊಡಿಸಿದರೆ ಪಂಪು ಒಮ್ಮೊಮ್ಮೆ ನಿಲ್ಲುತ್ತದೆ, ಅದಕ್ಕೇ ಅಲ್ಲವೇ ‘ಸದ್ಯಕ್ಕೆ’ ಅಂತ ಜೋಕರ್ ಬಂದದ್ದು. ಮತ್ತೆ, ಪಂಪು ನಿಲ್ಲುವುದು ಒಳ್ಳೆಯದೆಂದು ತನಗಾದರೂ ಯಾರು ಹೇಳಿದರು? ಎದೆಯ ಬಡಿತವನ್ನು ಹಿಡಿದಿಟ್ಟ ಔಷಧ ನಿಂತರೆ ಮನುಷ್ಯ ಉಳಿಯುತ್ತಾನೆಯೇ? ತಪ್ಪು ಲೆಕ್ಕದಲ್ಲಿ ಓಡುವುದೋ, ಸರಿಯಾದ ಕಾರಣಕ್ಕೆ ನಿಲ್ಲುವುದೋ ಎಂದು ವರ್ಷವಿಡೀ ತಂಡದಲ್ಲಿ ಜಗಳವಾಗಿತ್ತು. ಅವಳು ನಿಲ್ಲಲಿ ಅಂದಿದ್ದಳು, ಗೆದ್ದಿದ್ದಳು. ಆ ಗೆಲುವಿನ ರುಚಿ ನಾಲಿಗೆಗೆ ಹತ್ತಿರುವುದಕ್ಕೇ ಈ ಚಡಪಡಿಕೆಯೇ? ಎಲ್ಲೋ ಮಲಗಿರುವ ಮುಖ ಕಾಣದ ರೋಗಿಗಾಗಿಯೋ, ಅತಿಥಿಗಳ ಮುಂದೆ ‘ನಾನೇ ತಯಾರು ಮಾಡಿದ್ದು’ ಅಂದದ್ದಕ್ಕಾಗಿಯೋ? ರೋಗಿಯ ಮುಖವನ್ನು ಕಣ್ಣಮುಂದೆ ತಂದುಕೊಳ್ಳಲು ಯತ್ನಿಸಿದಳು. ಭಾವನ ಮುಖವೇ ಬಂತು, ಎಲ್ಲರೆದುರು ಬಿಳಿಚಿಕೊಂಡ ಮುಖ. ಒಂದು ಕ್ಷಣ ಅದು ಹಿತವಾಗಿತ್ತು. ಹಿತವಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಮೀಟಿಂಗಿನ ಕೋಣೆಯಲ್ಲಿ ಸಂಸ್ಥೆಯ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಅನ್ನುವವರು, ಆಗಲೇ ಕೂತಿದ್ದರು. ಸಂಶಯ ಮೇಜಿನ ಮೇಲೆ ಎರಡು ಪಂಪುಗಳನ್ನಿಟ್ಟು, ಕೊಳವೆಗಳ ತುದಿಯನ್ನು ಅಳತೆಯ ಗಾಜುಗಳಿಗೆ ಇಳಿಬಿಟ್ಟಿದ್ದ. ಔಷಧದ ಬದಲು ಬರೀ ನೀರು. ಭಾವ ಇಸ್ತ್ರಿಯ ಅಂಗಿ ತೊಟ್ಟು ಚೆನ್ನಾಗಿಯೇ ಮಾತಾಡಿದರು. ಕಾವಲು ಒಂದು ದೂರನ್ನೂ ಕೊಟ್ಟಿಲ್ಲ, ಇಷ್ಟು ಶುದ್ಧವಾದ ಯಂತ್ರ ಈ ಕಂಪನಿಯಿಂದ ಹೊರಗೆ ಹೋದದ್ದೇ ಇಲ್ಲ. ದೊಡ್ಡವರು ಕನ್ನಡಕ ತೆಗೆದು ಅವಳ ಕಡೆ ತಿರುಗಿದರು. “ಕಾವಲು ನಿಮ್ಮದು. ನೀವೇನಂತೀರಿ? ಒಪ್ಪಿಗೆ ತಾನೇ?” ಭಾವ ಮುಂದಿದ್ದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದರು, ಅವಳತ್ತ ನೋಡಲಿಲ್ಲ. ಅವಳು ಏನನ್ನುತ್ತಾಳೆಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ಅವಳನ್ನು ಚುಚ್ಚಿತು. “ಒಂದು ಸಲ ಓಡಿಸಿ ನೋಡೋಣ ಸರ್,” ಅಂದಳು. ದನಿ ತನ್ನದಲ್ಲ ಅನ್ನಿಸಿತು.

ಬಿಡುಗಡೆಯ ಪಂಪಿನಲ್ಲಿ ಸಂಶಯ ಅವಳು ಹೇಳಿದಂತೆ ಒಂದು ಔಷಧ ನಿಲ್ಲಿಸಿ ಮರುಕ್ಷಣವೇ ಇನ್ನೊಂದನ್ನು ಶುರು ಮಾಡಿದ, ಮತ್ತೆ ನಿಲ್ಲಿಸಿದ, ಮತ್ತೆ ಶುರು ಮಾಡಿದ. ಪರದೆಯಲ್ಲಿ ಎರಡು. ಏನೂ ಆಗಲಿಲ್ಲ. ದೊಡ್ಡವರು ಗಡಿಯಾರ ನೋಡಿದರು. ಭಾವ ಮೆಲ್ಲಗೆ, “ಇದನ್ನೆಲ್ಲ ನೋಡಿ ಆಗಿದೆಯಲ್ಲ,” ಅಂದರು. ಏನೂ ಆಗದಿರಲಿ ಎಂದು ಅವಳ ಮನಸ್ಸಿನ ಒಂದು ಭಾಗ ಬೇಡಿಕೊಳ್ಳುತ್ತಿತ್ತು. ಆಗಲಿ ಅಂತ ಕಿವಿ ಕಾಯುತ್ತಿತ್ತು. ಆಮೇಲೊಂದು ಸಲ ಮೋಟಾರಿನ ಗುಂಯ್‌ಗುಡುವಿಕೆ ಸ್ವಲ್ಪ ದಪ್ಪವಾಯಿತು. ಅವಳಿಗೆ ಮಾತ್ರ ಕೇಳಿಸಿರಬೇಕು. ಪರದೆಯಲ್ಲಿ ಎರಡು ಅಂತಲೇ ಇತ್ತು, ಹಸಿರು ದೀಪ ಹಾಗೇ ಉರಿಯುತ್ತಿತ್ತು. “ಎಲ್ಲ ಸರಿಯಾಗೇ ಇದೆಯಲ್ರೀ,” ಅಂದರು ದೊಡ್ಡವರು. “ಪರದೆ ಬಿಡಿ ಸರ್, ಗಾಜು ನೋಡಿ,” ಅಂದಳು. ಹನಿ ಬೀಳಬೇಕಾದಲ್ಲಿ ದಾರದಂತೆ ನೀರು ಇಳಿಯುತ್ತಿತ್ತು. ಎಲ್ಲರೂ ನೋಡುತ್ತ ಕೂತಿರುವಂತೆಯೇ ಗಾಜು ತುಂಬಿತು, ತುಳುಕಿತು, ಭಾವನ ಹಾಳೆಗಳ ಕಡೆ ಹರಿಯಿತು. ಹಾಳೆಗಳನ್ನು ಎತ್ತಿಕೊಳ್ಳುವುದೂ ಅವರಿಗೆ ತೋಚಲಿಲ್ಲ.

ಜೋಕರಿಲ್ಲದ ಎರಡನೆಯ ಪಂಪಿಗೆ ಸಂಶಯ ಕೇಳದೆಯೇ ಕೈ ಹಾಕಿದ. ಅದೇ ಗುಂಡಿಗಳು, ಅದೇ ಆತುರ. ಈ ಸಲ ನೀರು ಗಾಜಿನ ಅರ್ಧಕ್ಕೂ ಬರುವ ಮೊದಲೇ ಪಂಪು ನಿಂತು, ಕಿವಿ ತೂತಾಗುವ ಹಾಗೆ ಕಿರಿಚಿತು. ಭಾವ ತಟ್ಟನೆ ಎದ್ದರು. “ನೋಡಿ, ನಿಂತೋಯ್ತು! ಅಲ್ಲಿ ಪೇಷಂಟ್ ಇದ್ದಿದ್ರೆ ಈಗೇನ್ ಮಾಡ್ಬೇಕಿತ್ತು? ಇದೇನಾ ನಿನ್ನ ಸುರಕ್ಷತೆ?” ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದಕ್ಕೇ ಅವಳ ಉತ್ತರ ದೊಡ್ಡದಾಗಿ ಬರಲಿಲ್ಲ. “ಕೂಗ್ತಾ ಇದೆಯಲ್ಲ ಸರ್. ಯಾರಾದ್ರೂ ಓಡಿ ಬರ್ತಾರೆ. ಆ ಇನ್ನೊಂದಕ್ಕೆ ಯಾರೂ ಬರಲ್ಲ.” ಯಾರೋ ಬಾಗಿಲು ತೆರೆದು ಏನಾಯಿತೆಂದು ಇಣುಕಿ ಹೋದರು. ಸಂಶಯ ಅಲಾರಾಂ ಆರಿಸಿದ. ದೊಡ್ಡವರು ಕರವಸ್ತ್ರದಿಂದ ತಮ್ಮ ಮುಂದಿನ ನೀರನ್ನು ಒರೆಸುತ್ತ, “ಆ ಮೊದಲನೇದ್ರಲ್ಲಿ ಕಾವಲು ಯಾಕೆ ಸುಮ್ನಿತ್ತು?” ಅಂದರು. “ಮೋಟಾರಿನ ಡ್ರೈವರ್‌ನಲ್ಲಿ ಜೋಕರ್ ಇದೆ ಸರ್.” “ಯಾರು ಬರೆದಿದ್ದು?” ಸಂಶಯ ಕೊಳವೆ ಸುತ್ತುವುದರಲ್ಲಿ ಮುಳುಗಿಹೋದ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನಾದರೂ ಅನ್ನಬಹುದಿತ್ತು. “ಸರ್ ಬರೆದಿದ್ದು,” ಅಂದಳು, ಭಾವನ ಕಡೆ ತಿರುಗಿ.

ದೊಡ್ಡವರು ಬಿಡುಗಡೆಯನ್ನು ತಡೆದರು. ದನಿಯೇರಿಸಲಿಲ್ಲ, ಭಾವನನ್ನು ಏನೂ ಕೇಳಲಿಲ್ಲ. ಹೊರಡುವಾಗ ಅವಳಿಗೆ, “ಒಳ್ಳೇ ಕೆಲಸ ಆಯ್ತು,” ಅಂದರು, ಭಾವನ ಕಡೆ ನೋಡದೆ. ಸಂಶಯ ಪಂಪುಗಳನ್ನು ಎತ್ತಿಕೊಂಡು ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು. ಭಾವ ನೆನೆದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಒಣಗಿದ ಭಾಗದಲ್ಲಿ ಹರಡುತ್ತಿದ್ದರು, ಇನ್ನೂ ಬೇಕಾಗುತ್ತವೆ ಅನ್ನುವ ಹಾಗೆ. “ಯಾವತ್ತು ಗೊತ್ತಾಯ್ತು ನಿನಗೆ?” “ಮೊನ್ನೆ.” “ಮೊನ್ನೆ.” ಅವರು ಒಂದು ಹಾಳೆಯನ್ನು ಹಿಡಿದುಕೊಂಡೇ ನಿಂತರು. “ಮೊನ್ನೆಯಿಂದ ನನ್ನ ಪಕ್ಕದಲ್ಲೇ ಕೂತು ಬರ್ತಾ ಇದ್ದೀಯ.” ಬೆಳಗ್ಗೆ ನಿಮ್ಮ ಕೋಣೆಗೆ ಬಂದಿದ್ದೆ ಅನ್ನಲು ಹೊರಟವಳು, ಬರೀ ಸಮಜಾಯಿಷಿ ಅನ್ನಿಸಿ ಒದ್ದೆ ಹಾಳೆಯೊಂದರ ಅಂಚನ್ನು ನೇರ ಮಾಡಿದಳು. “ನನಗೆ ಹೇಳಿದ್ರೆ ತೆಗೀತಿರ್ಲಿಲ್ಲ ಅನ್ಕೊಂಡ್ಯಾ?” “ಹೌದು ಭಾವ. ಹಾಗೇ ಅನ್ಕೊಂಡೆ.” ಆಫೀಸಿನಲ್ಲಿ ಭಾವ ಅಂದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಅವರು ಈ ಸಲ ಮುಖ ತಿರುಗಿಸಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಮಾತನ್ನು ನಿಜವೋ ಸುಳ್ಳೋ ಎಂದು ತಮ್ಮೊಳಗೇ ಹುಡುಕಿ ನೋಡುತ್ತಿರುವವರಂತೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. “ಗೊತ್ತಿಲ್ಲ,” ಅಂದರು ಕೊನೆಗೆ. “ತೆಗೀತಿದ್ನೋ ಇಲ್ವೋ, ನನಗೂ ಗೊತ್ತಿಲ್ಲ.”

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅಕ್ಕ. ಸುದ್ದಿಗಾಗಿ ಕಾದು ಕಾದು ತಡೆಯಲಾರದೆ ಮಾಡಿದ್ದಳು. ಭಾವ ಕುರ್ಚಿ ಎಳೆದು ಕೂತು, ಗಂಟಲು ಸರಿಮಾಡಿಕೊಂಡು, ಏನೂ ಆಗದವರಂತೆ, “ಇಲ್ಲ, ಇವತ್ತು ಹೋಗಲ್ಲ ಅದು. ಒಂದು ತಪ್ಪು ಸಿಕ್ತು. ಹೌದು, ದೊಡ್ಡದೇ. ನಿನ್ನ ತಂಗಿನೇ ಹಿಡಿದಿದ್ದು. ಯಾರ ತಪ್ಪು ಅಂತೀಯಾ? ನಂದೇ,” ಅಂದರು. ‘ನಂದೇ’ ಅನ್ನುವಾಗ ನಗಲು ನೋಡಿದರು, ಅರ್ಧಕ್ಕೆ ನಿಂತಿತು. ಆ ಕಡೆ ಅಕ್ಕ ಏನೋ ಹೇಳಿದಳು. ಭಾವ ಫೋನನ್ನು ಅವಳ ಕಡೆ ಚಾಚಿದರು. “ನಿನ್ನ ಹತ್ರ ಮಾತಾಡ್ಬೇಕಂತೆ.”

ಫೋನು ಬೆಚ್ಚಗಿತ್ತು. ಅಕ್ಕನ ದನಿ ಯಾವಾಗಲೂ ದೊಡ್ಡದು, ಕಿವಿಗಿಟ್ಟುಕೊಂಡರೂ ಕೋಣೆಯೆಲ್ಲ ಕೇಳುತ್ತದೆ. “ಒಳ್ಳೇದೇ ಆಯ್ತು ಬಿಡು. ಯಾರೋ ಹೊರಗಿನವರು ಹಿಡಿಯೋದಕ್ಕಿಂತ ಮನೆಯವರೇ ಹಿಡಿದ್ರೆ ವಾಸಿ,” ಅಂದಳು ಅಕ್ಕ. ದನಿಯಲ್ಲಿ ಅಳುವಿತ್ತು, ಅದನ್ನು ಮುಚ್ಚಿಕೊಳ್ಳುವ ಅವಸರವೂ ಇತ್ತು. “ಅಲ್ವೇ, ಅವರಿಗೆ ನೀನು ಮೊದ್ಲೇ ಹೇಳಿದ್ದೆ ತಾನೇ? ಅವರೇ ಹೋಗಿ ಒಪ್ಪಿಕೊಂಡಿದ್ದು ತಾನೇ? ನಾಲ್ಕು ಜನರ ಮುಂದೆ ಏನೂ ಆಗ್ಲಿಲ್ವಲ್ಲ?” ಭಾವ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಅವರ ಬೆನ್ನು ಅಲುಗಲಿಲ್ಲ. ಹೂಂ ಅಂದರೆ ಅವರು ಅಲ್ಲಗಳೆಯುತ್ತಿರಲಿಲ್ಲ, ಅದು ಅವಳಿಗೆ ಖಚಿತವಾಗಿತ್ತು. ಮೂವರೂ ಅದೇ ಮನೆಯಲ್ಲಿ ಅದೇ ಮೇಜಿಗೆ ಕೂತು ಉಣ್ಣಬಹುದಿತ್ತು.

“ಇಲ್ಲ ಅಕ್ಕ,” ಅಂದಳು. “ಅವರಿಗೆ ಹೇಳಿರ್ಲಿಲ್ಲ. ನಾಲ್ಕು ಜನರ ಮುಂದೇನೇ ಹೇಳಿದೆ.”

ಲೈನು ಕಡಿದುಹೋಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು.

“ಫೋನ್ ಅವರಿಗೆ ಕೊಡು,” ಅಂದಳು ಅಕ್ಕ.